ರೇಸ್ ಬುಕ್ ಓದುವ ಬಗೆ: ಕುದುರೆ ಪಂದ್ಯದ ಪರಿಭಾಷೆ ಮತ್ತು ಬಾಜಿಯ ಲೆಕ್ಕ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರೇಸ್ ನಡೆದ ಮರುದಿನ, ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ, ಕ್ರಿಕೆಟ್ ಅಂಕಪಟ್ಟಿಗಿಂತಲೂ ಸಣ್ಣ ಅಕ್ಷರಗಳಲ್ಲಿ, ಹೆಚ್ಚುಕಡಿಮೆ ಹೀಗೊಂದು ಸಾಲು ಅಚ್ಚಾಗಿರುತ್ತದೆ: “1400 ಮೀ., ರೇಟಿಂಗ್ 20ರಿಂದ 45. ಅಂತರ 1¼, ಮೂಗು, 3. ಕಾಲ 1 ನಿ. 27.3 ಸೆ. ವಿನ್ 32; ಪ್ಲೇಸ್ 14, 18, 41; ಎಸ್‌ಎಚ್‌ಪಿ 52; ಕ್ವಿನೆಲ್ಲಾ 95; ಫೋರ್‌ಕಾಸ್ಟ್ 168; ಟನಾಲಾ 1,904.” ಇಲ್ಲಿನ ಅಂಕಿಗಳನ್ನು ಉದಾಹರಣೆಗೆಂದು ನಾನೇ ಜೋಡಿಸಿದ್ದೇನೆ, ಆದರೆ ಸಾಲಿನ ರೂಪ ನಿಜವಾದದ್ದು. ಇಂಥ ಒಂದು ಸಾಲನ್ನು ಪೂರ್ತಿಯಾಗಿ ಓದಬಲ್ಲವರಿಗೆ ರೇಸಿನ ಭಾಷೆ ಬಂತೆಂದೇ ಲೆಕ್ಕ. ಅಷ್ಟನ್ನು ಸಾಧಿಸಿಕೊಡುವುದು ಈ ಮಾರ್ಗದರ್ಶಿಯ ಉದ್ದೇಶ. ಗೆಲ್ಲುವ ಕುದುರೆಯನ್ನು ಹೆಕ್ಕಿಕೊಡುವ ವಿದ್ಯೆ ಇದರಲ್ಲಿಲ್ಲ, ಅಂಥ ವಿದ್ಯೆ ತನ್ನ ಬಳಿ ಇದೆಯೆಂದು ಹೇಳಿಕೊಂಡು ಟಿಪ್ಸ್ ಮಾರುವವರಲ್ಲಿಯೂ ಅದು ಇರುವುದಿಲ್ಲ.

ಕಲಿಯುವವರು ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ರೇಸ್ ಕೋರ್ಸಿನಲ್ಲಿ ಎರಡು ಭಾಷೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಲಾಯದ ಭಾಷೆ. ಕುದುರೆಯ ವಯಸ್ಸು, ವಂಶ, ಹೊರುವ ತೂಕ, ಓಟದ ದೂರ, ನೆಲದ ಹದ ಇವೆಲ್ಲ ಅದರ ವಿಷಯ. ಇನ್ನೊಂದು ಗಲ್ಲಾಪೆಟ್ಟಿಗೆಯ ಭಾಷೆ. ಅದು ಜನ ಎಷ್ಟು ದುಡ್ಡನ್ನು ಎಲ್ಲಿ ಕಟ್ಟಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ‘ಫೇವರಿಟ್’ ಎಂಬ ಪದವನ್ನು ಕೇಳಿದೊಡನೆ ಅದು ಅತ್ಯುತ್ತಮ ಕುದುರೆ ಇರಬೇಕೆಂದು ಹೊಸಬರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಎಲ್ಲಕ್ಕಿಂತ ಹೆಚ್ಚು ಹಣ ಬಿದ್ದಿರುವ ಕುದುರೆ, ಅಷ್ಟೇ. ಈ ಎರಡು ಭಾಷೆಗಳ ನಡುವಿನ ಗೊಂದಲದಿಂದಲೇ ಎಷ್ಟೋ ಜನ ಸಂಬಳವನ್ನು ಕುದುರೆ ಬಾಲಕ್ಕೆ ಕಟ್ಟಿ ಮನೆಗೆ ಬರಿಗೈಯಲ್ಲಿ ಹೋಗಿದ್ದಾರೆ. ಆದ್ದರಿಂದ ಯಾವುದೇ ಪದ ಎದುರಾದಾಗ ಅದು ಲಾಯದ್ದೋ ಗಲ್ಲಾದ್ದೋ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳುವುದು ಒಳ್ಳೆಯದು.

ಲಾಯದ ಭಾಷೆ

ಓಡುವ ಕುದುರೆಗಳ ವಿವರ ಕೊಡುವ ಪುಸ್ತಕವೇ ರೇಸ್ ಬುಕ್. ಅದರಲ್ಲಿ ಪ್ರತಿ ಕುದುರೆಗೆ ಒಂದು ಸಾಲು ಮೀಸಲು. ಆರಂಭದಲ್ಲಿರುವ ಸಂಖ್ಯೆ ಕುದುರೆಯ ಬೆನ್ನ ಮೇಲಿನ ಬಟ್ಟೆಯಲ್ಲಿ ಕಾಣುವ ಸಂಖ್ಯೆ. ಟಿಕೆಟ್ ಕೊಳ್ಳುವಾಗ ಹೇಳಬೇಕಾದದ್ದೂ ಅದನ್ನೇ. ‘ಡ್ರಾ’ ಎಂಬ ತಲೆಬರಹದ ಕೆಳಗಿರುವ ಸಂಖ್ಯೆ ಬೇರೆ. ಅದು ಸ್ಟಾರ್ಟಿಂಗ್ ಗೇಟಿನಲ್ಲಿ ಕುದುರೆಗೆ ಚೀಟಿ ಎತ್ತಿ ಕೊಟ್ಟ ಅಂಕಣ. ಒಳಬೇಲಿಗೆ ಹತ್ತಿರದ ಅಂಕಣ ಸಿಕ್ಕ ಕುದುರೆ ತಿರುವಿನಲ್ಲಿ ಕಡಿಮೆ ದೂರ ಓಡುತ್ತದೆ, ಹೊರಗಿನ ಅಂಕಣದ ಕುದುರೆ ಆರಂಭದಲ್ಲೇ ಬಲವನ್ನು ವ್ಯಯಿಸಿ ಒಳಗೆ ಬರಬೇಕಾಗುತ್ತದೆ. ಬೆಂಗಳೂರಿನಲ್ಲಿ ಓಟ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಅಂದರೆ ಬಲಕ್ಕೆ ತಿರುಗುತ್ತ ಸಾಗುವುದರಿಂದ, ಒಳಬೇಲಿ ಸವಾರನ ಬಲಗಡೆಗೆ ಇರುತ್ತದೆ.

ವಯಸ್ಸು ಮತ್ತು ಲಿಂಗದ ಪದಗಳಲ್ಲಿ ಕನ್ನಡಕ್ಕಿಂತ ರೇಸಿನವರ ಇಂಗ್ಲಿಷ್ ಹೆಚ್ಚು ಸೂಕ್ಷ್ಮವಾಗಿದೆ. ಎಳೆಯ ಗಂಡು ಕುದುರೆ ಕೋಲ್ಟ್, ಎಳೆಯ ಹೆಣ್ಣು ಫಿಲ್ಲಿ. ಬೆಳೆದ ಹೆಣ್ಣು ಮೇರ್. ಬೀಜ ಒಡೆಸಿದ ಗಂಡು ಗೆಲ್ಡಿಂಗ್. ತುಂಟತನ ತಗ್ಗಿ ಓಟದತ್ತ ಗಮನ ಬರಲೆಂದು ಬೀಜ ಒಡೆಸುವುದು ಸಾಮಾನ್ಯವಾದ್ದರಿಂದ, ಹಿಂದಿನ ಸೀಸನ್‌ನಲ್ಲಿ ಕೋಲ್ಟ್ ಎಂದಿದ್ದದ್ದು ಈ ಬಾರಿ ಗೆಲ್ಡಿಂಗ್ ಎಂದು ನಮೂದಾಗಿದ್ದರೆ ಅದು ಗಮನಿಸತಕ್ಕ ಬದಲಾವಣೆ. ‘ಮೇಡನ್’ ಎಂಬುದು ಮಾತ್ರ ಲಿಂಗಸೂಚಕವಲ್ಲ. ಇಲ್ಲಿಯವರೆಗೆ ಒಂದೂ ಪಂದ್ಯ ಗೆಲ್ಲದ ಕುದುರೆ, ಗಂಡಾದರೂ ಮುದಿಯಾದರೂ, ಮೇಡನ್ ಎಂದೇ ಕರೆಸಿಕೊಳ್ಳುತ್ತದೆ.

ವಯಸ್ಸಿನ ಎಣಿಕೆಯೂ ವಿಚಿತ್ರವಾದದ್ದು. ವರ್ಷದ ಯಾವ ತಿಂಗಳಲ್ಲಿ ಹುಟ್ಟಿದರೂ ನಮ್ಮ ದೇಶದ ಎಲ್ಲ ರೇಸ್ ಕುದುರೆಗಳಿಗೂ ಜನವರಿ 1ರಂದೇ ಒಂದು ವರ್ಷ ಹೆಚ್ಚುತ್ತದೆ. ಇಂಗ್ಲೆಂಡಿನ ಎಪ್ಸಮ್‌ನಲ್ಲಿ 1780ರಿಂದ ನಡೆಯುತ್ತಿರುವ ಡರ್ಬಿ ಮೂರು ವರ್ಷದ ಕುದುರೆಗಳಿಗಾದರೆ, ಮುಂಬೈಯ ಮಹಾಲಕ್ಷ್ಮಿಯಲ್ಲಿ ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಭಾನುವಾರ ನಡೆಯುವ ಇಂಡಿಯನ್ ಡರ್ಬಿ ನಾಲ್ಕು ವರ್ಷದವುಗಳಿಗೆ. ಎರಡರ ದೂರವೂ ಸುಮಾರು 2400 ಮೀಟರೇ. ತಿಂಗಳ ಹಿಂದಷ್ಟೇ ಕಾಗದದ ಮೇಲೆ ನಾಲ್ಕು ತುಂಬಿಸಿಕೊಂಡ ಕುದುರೆಗಳು ಅಲ್ಲಿ ಓಡುತ್ತವೆ ಎಂಬುದು ನೆನಪಿದ್ದರೆ ಈ ವ್ಯತ್ಯಾಸ ದೊಡ್ಡದೆನಿಸುವುದಿಲ್ಲ.

ಹೆಸರಿನ ಕೆಳಗೆ ಅಡ್ಡಗೆರೆಯಿಂದ ಬೇರ್ಪಡಿಸಿದ ಎರಡು ಹೆಸರುಗಳಿದ್ದರೆ ಮೊದಲನೆಯದು ತಂದೆ, ಎರಡನೆಯದು ತಾಯಿ. ಇಲ್ಲಿ ಸಂಬಂಧದ ಪದಗಳು ನಮ್ಮ ಮನೆಗಳ ರೂಢಿಗಿಂತ ಭಿನ್ನ. ಒಂದೇ ತಾಯಿಯ ಮಕ್ಕಳನ್ನು ಮಾತ್ರ ಅಣ್ಣತಮ್ಮ, ಅಕ್ಕತಂಗಿ ಎಂದು ಎಣಿಸುತ್ತಾರೆ. ಒಂದು ಬೀಜದ ಕುದುರೆಗೆ ವರ್ಷಕ್ಕೆ ಹತ್ತಾರು ಮರಿಗಳು ಹುಟ್ಟುವುದರಿಂದ ತಂದೆಯೊಬ್ಬನೇ ಆದ ಮಾತ್ರಕ್ಕೆ ಆ ಬಾಂಧವ್ಯ ಸಲ್ಲುವುದಿಲ್ಲ. ಥರೋಬ್ರೆಡ್ ಎಂಬ ಈ ತಳಿಯ ಪ್ರತಿಯೊಂದು ಕುದುರೆಯೂ ಗಂಡು ಸಂತತಿಯಲ್ಲಿ ಹಿಂದೆ ಹೋದರೆ ಡಾರ್ಲಿ ಅರೇಬಿಯನ್, ಬೈಯರ್ಲಿ ಟರ್ಕ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರೇ ಕುದುರೆಗಳಲ್ಲಿ ಒಂದಕ್ಕೆ ಮುಟ್ಟುತ್ತದೆ. ನಮ್ಮಲ್ಲಿ ಈ ತಳಿಯನ್ನು ಸಾಕಿದ ಹೆಸರಾಂತ ಜಾಗಗಳಲ್ಲಿ ಒಂದು ಕುಣಿಗಲ್. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಒದಗಿಸುತ್ತಿದ್ದ ಅದೇ ನೆಲದಲ್ಲಿ ಮುಂದೆ ಡರ್ಬಿ ಗೆಲ್ಲುವ ಕುದುರೆಗಳು ಮೇಯ್ದವು.

ಇಷ್ಟೆಲ್ಲದರ ನಡುವೆ ಹೆಚ್ಚು ಹೊತ್ತು ನಿಂತು ಕಲಿಯಬೇಕಾದ ಪದ ‘ಹ್ಯಾಂಡಿಕ್ಯಾಪ್’. ಬಲಿಷ್ಠ ಕುದುರೆ ಮತ್ತು ಸಾಧಾರಣ ಕುದುರೆ ಒಂದೇ ಓಟದಲ್ಲಿದ್ದರೆ ಫಲಿತಾಂಶ ಮೊದಲೇ ಗೊತ್ತಾಗಿಬಿಡುತ್ತದೆ. ಹಾಗಾಗದಿರಲೆಂದು ಬಲಿಷ್ಠವಾದದ್ದರ ಬೆನ್ನಿಗೆ ಹೆಚ್ಚು ತೂಕ ಹೇರುತ್ತಾರೆ. ಇದಕ್ಕಾಗಿ ರೇಸ್ ನಡೆಸುವ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಪ್ರತಿ ಕುದುರೆಗೂ ಒಂದು ರೇಟಿಂಗ್ ಕೊಟ್ಟಿರುತ್ತಾನೆ. ಒಂದು ಅಂಕ ಅರ್ಧ ಕಿಲೋಗೆ ಸಮ. 44 ರೇಟಿಂಗಿನ ಕುದುರೆ 60 ಕಿಲೋ ಹೊತ್ತರೆ, ಅದೇ ಪಂದ್ಯದಲ್ಲಿ 34 ರೇಟಿಂಗಿನದು 55 ಕಿಲೋ ಹೊರುತ್ತದೆ. ಸವಾರ, ಜೀನು ಎರಡೂ ಸೇರಿದ ತೂಕ ಇದು. ಜಾಕಿ ಅದಕ್ಕಿಂತ ಹಗುರವಾಗಿದ್ದರೆ ಉಳಿದದ್ದನ್ನು ಸೀಸದ ಪಟ್ಟಿಗಳಿಂದ ತುಂಬಿಸುತ್ತಾರೆ. ಓಟಕ್ಕೆ ಮುಂಚೆ ಒಮ್ಮೆ, ಓಟ ಮುಗಿದ ಮೇಲೆ ಇನ್ನೊಮ್ಮೆ ಜಾಕಿ ಜೀನಿನ ಸಮೇತ ತಕ್ಕಡಿ ಏರಬೇಕು.

ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಸತತವಾಗಿ ಸೋತದ್ದರದು ಇಳಿಯುತ್ತದೆ. ನಮ್ಮ ಉದಾಹರಣೆಯ ‘20ರಿಂದ 45’ ಎಂಬುದು ಕೆಳಗಿನಿಂದ ಎರಡನೆಯ ದರ್ಜೆಯ ಪಂದ್ಯವೊಂದರ ಮಿತಿ. ಅಲ್ಲಿ 42 ಅಂಕದೊಡನೆ ಗೆದ್ದ ಕುದುರೆಗೆ ಎಂಟು ಅಂಕ ಏರಿಸಿದರೆ ಅದು 50ಕ್ಕೆ ತಲುಪಿ ಆ ದರ್ಜೆಯಿಂದ ಹೊರಬೀಳುತ್ತದೆ. ಮುಂದಿನ ಬಾರಿ 40ರಿಂದ 65ರ ಪಂದ್ಯದಲ್ಲಿ ಅದು ಕಡಿಮೆ ತೂಕ ಹೊರುವವುಗಳಲ್ಲಿ ಒಂದಾಗಿರುತ್ತದೆ, ಆದರೆ ಎದುರಾಳಿಗಳೆಲ್ಲ ಮೊದಲಿಗಿಂತ ಗಟ್ಟಿ. ‘ಹಿಂದಿನ ರೇಸು ಸಲೀಸಾಗಿ ಗೆದ್ದಿತ್ತಲ್ಲ, ಈ ಸಲ ಏಕೆ ಐದನೆಯದಾಯಿತು?’ ಎಂಬ ಪ್ರಶ್ನೆಗೆ ಅನೇಕ ವೇಳೆ ಉತ್ತರ ಈ ಲೆಕ್ಕದಲ್ಲೇ ಇರುತ್ತದೆ. ಆದರೂ ಹೊಸಬರು ಮೊದಲು ಅನುಮಾನಿಸುವುದು ಜಾಕಿಯನ್ನು. ರೇಟಿಂಗ್ ಇಳಿಸಿಕೊಳ್ಳಲೆಂದೇ ಕುದುರೆಯನ್ನು ಬಿಗಿಹಿಡಿದು ಓಡಿಸುವ ಪ್ರಲೋಭನೆ ಈ ಪದ್ಧತಿಯೊಳಗೇ ಅಡಗಿದೆ ಎಂಬುದು ಸತ್ಯ. ಅದನ್ನು ಹಿಡಿಯಲೆಂದೇ ಸ್ಟೈಪೆಂಡಿಯರಿ ಸ್ಟೀವರ್ಡುಗಳು ಎಂಬ ಸಂಬಳದ ಮೇಲ್ವಿಚಾರಕರು, ಗ್ಯಾಲರಿಯ ಮಾತಿನಲ್ಲಿ ‘ಸ್ಟೈಪ್ಸ್’, ಪ್ರತಿ ಓಟದ ಚಿತ್ರೀಕರಣವನ್ನು ನೋಡುತ್ತಾರೆ.

ಹ್ಯಾಂಡಿಕ್ಯಾಪ್ ಅಲ್ಲದ ಪಂದ್ಯಗಳೂ ಇವೆ. ‘ಟರ್ಮ್ಸ್’ ಎಂದು ಬರೆದಿದ್ದರೆ ವಯಸ್ಸು, ಲಿಂಗ, ಹಿಂದಿನ ಗೆಲುವುಗಳ ಮೇಲೆ ತೂಕ ನಿಗದಿಯಾಗಿದೆ ಎಂದರ್ಥ. ಇಲ್ಲಿ ಶ್ರೇಷ್ಠ ಕುದುರೆಗೆ ರೇಟಿಂಗಿನ ದಂಡವಿಲ್ಲ. ಡರ್ಬಿಯಂಥ ‘ಕ್ಲಾಸಿಕ್’ಗಳೆಲ್ಲ ಈ ಬಗೆಯವು. ‘ಗ್ರೇಡ್ 1, 2, 3’ ಎಂಬ ಗುರುತು ಪಂದ್ಯದ ಅಂತಸ್ತಿನದು. ಜಾಕಿಯ ಹೆಸರಿನ ಪಕ್ಕದಲ್ಲಿ ಸಣ್ಣ ಅಂಕಿಯಿದ್ದರೆ ಆತ ಇನ್ನೂ ಅಪ್ರೆಂಟಿಸ್, ಅವನ ಅನನುಭವಕ್ಕೆ ಪರಿಹಾರವಾಗಿ ಕುದುರೆಗೆ ಅಷ್ಟು ತೂಕ ಕಡಿತ ಸಿಕ್ಕಿದೆ ಎಂದು ತಿಳಿಯಬೇಕು.

ದೂರ ಈಗ ಮೀಟರಿನಲ್ಲಿದೆ. ಆದರೂ ಹಳಬರ ಬಾಯಲ್ಲಿ ‘ಕೊನೆಯ ಫರ್ಲಾಂಗು’ ಎಂಬ ಮಾತು ಉಳಿದಿದೆ. ಉತ್ತ ಸಾಲಿನ ಉದ್ದ ಎಂಬುದು ಆ ಪದದ ಮೂಲಾರ್ಥ. ಸುಮಾರು 201 ಮೀಟರ್. ಮೈಲಿಕಲ್ಲಿನ ಕಾಲದಲ್ಲಿ ‘ಊರು ಇನ್ನೆರಡು ಫರ್ಲಾಂಗು’ ಎನ್ನುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. 1000ದಿಂದ 1200 ಮೀಟರಿನಲ್ಲಿ ಮಿಂಚುವುದು ಸ್ಪ್ರಿಂಟರ್, 1600ರಲ್ಲಿ ಮೈಲರ್, 2000 ದಾಟಿದರೂ ಉಸಿರು ಉಳಿಸಿಕೊಳ್ಳುವುದು ಸ್ಟೇಯರ್. ನೆಲದ ಹದವನ್ನು ‘ಗೋಯಿಂಗ್’ ಎನ್ನುತ್ತಾರೆ. ಪೆನೆಟ್ರೋಮೀಟರ್ ಎಂಬ ಉಪಕರಣವನ್ನು ಹುಲ್ಲುನೆಲಕ್ಕೆ ಊರಿ ಅದು ಎಷ್ಟು ಇಳಿಯುತ್ತದೆಂದು ಅಳೆದು ಆ ಅಂಕಿಯನ್ನು ಪ್ರಕಟಿಸುತ್ತಾರೆ. ಮಳೆಗಾಲದಲ್ಲಿ ನಡೆಯುವ ಮೈಸೂರಿನ ಸೀಸನ್‌ನಲ್ಲಿ ಈ ಅಂಕಿಯನ್ನು ಕಡೆಗಣಿಸುವಂತಿಲ್ಲ.

ಹಿಂದಿನ ಓಟಗಳ ಸ್ಥಾನಗಳನ್ನು ಅಂಕಿಗಳ ಸಾಲಾಗಿ ಕೊಟ್ಟಿರುತ್ತಾರೆ, ಇದೇ ‘ಫಾರ್ಮ್’. ಸೊನ್ನೆಯೆಂದರೆ ಲೆಕ್ಕಕ್ಕೆ ಬಾರದ ಸ್ಥಾನ. ತೀರ ಇತ್ತೀಚಿನ ಓಟ ಎಡತುದಿಯಲ್ಲಿದೆಯೋ ಬಲತುದಿಯಲ್ಲಿದೆಯೋ ಎಂಬುದನ್ನು ಆಯಾ ಪುಸ್ತಕದ ಸೂಚನೆಯಲ್ಲಿ ನೋಡಿಕೊಳ್ಳದೆ ಓದಿದರೆ, ಏರುತ್ತಿರುವ ಕುದುರೆ ಇಳಿಯುತ್ತಿರುವಂತೆ ಕಾಣುತ್ತದೆ. ‘ಬ್ಲಿಂಕರ್ಸ್’ ಎಂಬುದು ಜಟಕಾ ಕುದುರೆಗೆ ಹಾಕುತ್ತಿದ್ದ ಕಣ್ಣುಪಟ್ಟಿಯ ನೆಂಟ. ಅಕ್ಕಪಕ್ಕ ನೋಡಿ ಬೆದರುವ ಕುದುರೆಗೆ ಅದನ್ನು ಹಾಕುತ್ತಾರೆ, ಮೊದಲ ಬಾರಿ ಹಾಕಿದಾಗ ಪುಸ್ತಕದಲ್ಲಿ ಪ್ರತ್ಯೇಕವಾಗಿ ಹೇಳುತ್ತಾರೆ.

ಬೆಳಗಿನ ತಾಲೀಮಿನ ವರದಿಗಳ ಭಾಷೆಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ‘ಸಲೀಸಾಗಿ ಸಾಗಿತು’, ‘ಮೆಚ್ಚುಗೆಯಾಯಿತು’, ‘ಸುಧಾರಿಸಿದೆ’, ‘ಒಳ್ಳೆಯ ಸ್ಥಿತಿಯಲ್ಲಿದೆ’ ಎಂಬಂಥ ಮಾತುಗಳು ಅಲ್ಲಿ ತುಂಬಿರುತ್ತವೆ. ‘ಕುಂಟುತ್ತಿತ್ತು’ ಎಂಬ ಮಾತು ಅಲ್ಲಿ ಅಪರೂಪ. ಎಲ್ಲರನ್ನೂ ಹೊಗಳುವ ಮದುವೆಯ ಬ್ರೋಕರನ ಭಾಷೆಯಂತೆ ಅದನ್ನು ಸ್ವಲ್ಪ ಕಳೆದು ಓದಬೇಕು. ಅಲ್ಲಿ ಬೆಲೆಯುಳ್ಳದ್ದು ವಿಶೇಷಣವಲ್ಲ, ಸಮಯ. ಕೊನೆಯ 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸಿತು, ಜೊತೆಯಲ್ಲಿ ಯಾವ ಕುದುರೆ ಓಡಿತು, ಬೆನ್ನ ಮೇಲೆ ಜಾಕಿಯಿದ್ದನೋ ರೈಡಿಂಗ್ ಬಾಯ್ ಇದ್ದನೋ, ಇವುಗಳನ್ನು ನೋಡಿ. ನಿಜವಾದ ಸುದ್ದಿ ಗೊತ್ತಿರುವುದು ಕುದುರೆಯ ಮೈ ತಿಕ್ಕುವ ಸೈಸನಿಗೆ. ಅವನ ಮಾತು ಅಚ್ಚಾಗುವುದಿಲ್ಲ.

ಗಲ್ಲಾದ ಭಾಷೆ

ರೇಸ್ ಕೋರ್ಸಿನೊಳಗೆ ಹಣ ಕಟ್ಟಲು ಎರಡು ದಾರಿಗಳಿವೆ, ಟೋಟ್ ಮತ್ತು ಬುಕ್‌ಮೇಕರ್. ಇವೆರಡರ ವ್ಯತ್ಯಾಸ ತಿಳಿಯದೆ ಮುಂದಿನದೇನೂ ಅರ್ಥವಾಗುವುದಿಲ್ಲ.

ಟೋಟ್, ಅಂದರೆ ಟೋಟಲೈಜೇಟರ್, ಒಂದು ಹುಂಡಿಯ ಪದ್ಧತಿ. ಹಣ ಕಟ್ಟಿದವರೆಲ್ಲರ ಮೊತ್ತ ಒಂದೆಡೆ ಸೇರುತ್ತದೆ, ಅದರಲ್ಲಿ ಕ್ಲಬ್ಬು ತನ್ನ ಕಮಿಷನ್ ಕಳೆದುಕೊಳ್ಳುತ್ತದೆ, ಉಳಿದದ್ದನ್ನು ಗೆದ್ದ ಟಿಕೆಟುಗಳಿಗೆ ಹಂಚುತ್ತಾರೆ. ಪ್ಯಾರಿಸಿನ ಜೋಸೆಫ್ ಒಲ್ಲರ್ 1860ರ ದಶಕದಲ್ಲಿ ಈ ಉಪಾಯವನ್ನು ಹೂಡಿದ. ಲಕ್ಷಾಂತರ ಟಿಕೆಟುಗಳ ಕೂಡಿಕೆಯನ್ನು ತಾನೇ ಮಾಡುವ ಜಾರ್ಜ್ ಜೂಲಿಯಸ್‌ನ ಬೃಹತ್ ಯಂತ್ರ 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕೆಲಸ ಆರಂಭಿಸಿತು. ಲೆಕ್ಕ ಹೀಗಿರುತ್ತದೆ: ವಿನ್ ಹುಂಡಿಯಲ್ಲಿ 1,00,000 ರೂಪಾಯಿ ಸೇರಿದೆ ಎನ್ನಿ, ಕಡಿತ ಶೇ. 20 ಎಂದಿಟ್ಟುಕೊಂಡರೆ ಉಳಿಯುವುದು 80,000. ಗೆದ್ದ ಕುದುರೆಯ ಮೇಲೆ ಬಿದ್ದದ್ದು 25,000 ಆಗಿದ್ದರೆ ಪ್ರತಿ ರೂಪಾಯಿಗೆ 3.20, ಹತ್ತು ರೂಪಾಯಿಗೆ 32. ‘ವಿನ್ 32’ ಎಂದು ಪತ್ರಿಕೆ ಬರೆಯುವುದು ಇದನ್ನೇ. ಅಂದರೆ ಡಿವಿಡೆಂಡ್ ಎಂದು ಕರೆಯುವ ಈ ಹಂಚಿಕೆಯ ಅಂಕಿಯೊಳಗೆ ನಾವು ಕಟ್ಟಿದ ಹತ್ತು ರೂಪಾಯಿಯೂ ಸೇರಿದೆ. ಲಾಭ 22 ಮಾತ್ರ. ಇನ್ನೂ ಮುಖ್ಯವಾದದ್ದು, ಈ ಅಂಕಿ ಗೇಟು ತೆರೆಯುವವರೆಗೂ ಬದಲಾಗುತ್ತಲೇ ಇರುತ್ತದೆ. ಟಿಕೆಟ್ ಕೊಂಡಾಗ ಬೋರ್ಡಿನಲ್ಲಿ 60 ಕಂಡದ್ದು ಕೊನೆಯ ಎರಡು ನಿಮಿಷದಲ್ಲಿ ದೊಡ್ಡ ದುಡ್ಡು ಬಿದ್ದು 32ಕ್ಕೆ ಇಳಿದರೆ ಕೈಗೆ ಬರುವುದು 32ರ ಲೆಕ್ಕದಲ್ಲೇ.

ಹುಂಡಿಗಳು ಹಲವು, ಒಂದರ ಹಣ ಇನ್ನೊಂದಕ್ಕೆ ಸೇರುವುದಿಲ್ಲ. ‘ವಿನ್’ ಎಂದರೆ ಕುದುರೆ ಮೊದಲೇ ಬರಬೇಕು. ‘ಪ್ಲೇಸ್’ ಎಂದರೆ ಮೊದಲ ಕೆಲವು ಸ್ಥಾನಗಳಲ್ಲಿ ಒಂದು ಸಿಕ್ಕರೆ ಸಾಕು. ಎಷ್ಟು ಸ್ಥಾನ ಎಂಬುದು ಓಡುವ ಕುದುರೆಗಳ ಸಂಖ್ಯೆಯನ್ನು ಅವಲಂಬಿಸಿರುವುದರಿಂದ, ಕುದುರೆಯೊಂದು ಹಿಂದೆ ಸರಿದಾಗ ಪ್ಲೇಸುಗಳ ಸಂಖ್ಯೆ ಕುಗ್ಗಿತೇ ಎಂದು ವಿಚಾರಿಸಿಕೊಳ್ಳಬೇಕು. ‘ಎಸ್‌ಎಚ್‌ಪಿ’ ಎಂದರೆ ಸೆಕೆಂಡ್ ಹಾರ್ಸ್ ಪೂಲ್: ಹೇಳಿದ ಕುದುರೆ ಎರಡನೆಯದಾಗಿಯೇ ಬರಬೇಕು, ಗೆದ್ದುಬಿಟ್ಟರೆ ದುಡ್ಡು ಹೋಯಿತು! ಮೂರನೆಯದಕ್ಕೆ ‘ಟಿಎಚ್‌ಪಿ’. ಮೊದಲೆರಡು ಕುದುರೆಗಳನ್ನು ಯಾವ ಕ್ರಮದಲ್ಲಾದರೂ ಹೇಳಿದರೆ ‘ಕ್ವಿನೆಲ್ಲಾ’, ಅದೇ ಕ್ರಮದಲ್ಲಿ ಹೇಳಿದರೆ ‘ಫೋರ್‌ಕಾಸ್ಟ್’. ಮೊದಲ ಮೂರನ್ನು ಕ್ರಮವಾಗಿ ಹೇಳುವುದು ‘ಟನಾಲಾ’, ನಾಲ್ಕನ್ನು ಕ್ರಮವಾಗಿ ಹೇಳುವುದು ‘ಎಕ್ಸಾಕ್ಟಾ’. ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲಿ ಎಡವುವ ಸಂಭವವಿದೆ, ಏಕೆಂದರೆ ಅಲ್ಲಿ ಎಕ್ಸಾಕ್ಟಾ ಎಂದರೆ ಮೊದಲೆರಡು ಕುದುರೆಗಳು ಮಾತ್ರ. ನಾವು ಫೋರ್‌ಕಾಸ್ಟ್ ಎನ್ನುವುದು ಅವರ ಎಕ್ಸಾಕ್ಟಾ.

ಒಂದಕ್ಕಿಂತ ಹೆಚ್ಚು ರೇಸುಗಳನ್ನು ಪೋಣಿಸುವವು ‘ಟ್ರೆಬಲ್’ ಮತ್ತು ‘ಜಾಕ್‌ಪಾಟ್’. ಟ್ರೆಬಲ್‌ಗೆ ಮೂರು ರೇಸುಗಳ, ಜಾಕ್‌ಪಾಟಿಗೆ ಐದು ರೇಸುಗಳ ಗೆಲುವಿನ ಕುದುರೆಗಳನ್ನು ಮೊದಲೇ ಹೇಳಬೇಕು. ಇಲ್ಲಿ ‘ಬ್ಯಾಂಕರ್’ ಎಂಬ ಮಾತು ಬರುತ್ತದೆ. ಐದು ರೇಸುಗಳಲ್ಲಿ ಕ್ರಮವಾಗಿ 2, 3, 1, 4, 2 ಕುದುರೆಗಳನ್ನು ಆರಿಸಿಕೊಂಡರೆ ಅವುಗಳ ಗುಣಲಬ್ಧ 48, ಅಂದರೆ 48 ಟಿಕೆಟುಗಳ ದುಡ್ಡು. ಒಂದೇ ಕುದುರೆಯನ್ನು ನೆಚ್ಚಿಕೊಂಡ ಮೂರನೆಯ ರೇಸಿನ ಆ ಕುದುರೆಯೇ ಬ್ಯಾಂಕರ್. ಅಲ್ಲಿ ಇನ್ನೊಂದನ್ನು ಸೇರಿಸಿದರೆ ಖರ್ಚು ಥಟ್ಟನೆ 96ಕ್ಕೆ ಏರುತ್ತದೆ. ಪಂಟರುಗಳು, ಅಂದರೆ ಬಾಜಿ ಕಟ್ಟುವವರು, ‘ಇವತ್ತು ಬ್ಯಾಂಕರ್ ಬಿತ್ತು’ ಎಂದು ನಿಟ್ಟುಸಿರು ಬಿಟ್ಟಾಗ ಬಿದ್ದದ್ದು ಕುದುರೆಯಲ್ಲ, ಉಳಿದ ನಾಲ್ಕು ರೇಸುಗಳ ಲೆಕ್ಕಾಚಾರ ಪೂರ್ತಿ ವ್ಯರ್ಥವಾಯಿತು ಎಂದು ಅರ್ಥಮಾಡಿಕೊಳ್ಳಬೇಕು.

ಬುಕ್‌ಮೇಕರನ ಲೆಕ್ಕ ಬೇರೆ. ಅವನು ‘ರಿಂಗ್’ನಲ್ಲಿ ತನ್ನ ಬೋರ್ಡಿನ ಕೆಳಗೆ ನಿಂತು ದರ ಹೇಳುತ್ತಾನೆ, ಆ ಕ್ಷಣಕ್ಕೆ ಬರೆಸಿದ ದರವೇ ಕೊನೆಯವರೆಗೂ ಉಳಿಯುತ್ತದೆ. ದರವನ್ನು ‘ಆಡ್ಸ್’ ಎನ್ನುತ್ತಾರೆ. 3/1 ಎಂದರೆ ಒಂದಕ್ಕೆ ಮೂರು ಲಾಭ, ಕಟ್ಟಿದ್ದೂ ವಾಪಸು. ನಮ್ಮಲ್ಲಿ ಇದನ್ನು ನೂರರ ಲೆಕ್ಕದಲ್ಲಿ ಬರೆಯುವ ರೂಢಿಯೂ ಇದೆ. 150/100 ಎಂದರೆ ನೂರಕ್ಕೆ ನೂರೈವತ್ತು, ಹಳೆಯ ಬರವಣಿಗೆಯಲ್ಲಿ 6/4. ಸಮಸಮ ದರಕ್ಕೆ ‘ಈವನ್ಸ್’, ಅದಕ್ಕಿಂತಲೂ ಇಳಿದರೆ ‘ಆಡ್ಸ್-ಆನ್’: 60/100 ಎಂದರೆ ನೂರು ಕಟ್ಟಿ ಅರವತ್ತು ಗೆಲ್ಲುವುದು. ದರ 5/1ರಿಂದ 2/1ಕ್ಕೆ ಬಂದಾಗ ‘ಕುದುರೆ ಏರಿತು’ ಎನ್ನಬೇಕೋ ‘ಇಳಿಯಿತು’ ಎನ್ನಬೇಕೋ ಎಂಬ ಗೊಂದಲ ಸಹಜ. ಇಳಿದದ್ದು ದರ, ಏರಿದ್ದು ಬೇಡಿಕೆ.

ಆಡ್ಸನ್ನು ಶೇಕಡಾವಾರು ಸಾಧ್ಯತೆಯಾಗಿ ಅನುವಾದಿಸಲು ಕಲಿಯುವುದು ಈ ಭಾಷೆಯ ಅತ್ಯಂತ ಉಪಯುಕ್ತ ವ್ಯಾಕರಣ. ಎರಡೂ ಸಂಖ್ಯೆಗಳನ್ನು ಕೂಡಿಸಿ, ಆ ಮೊತ್ತದಿಂದ ಎರಡನೆಯ ಸಂಖ್ಯೆಯನ್ನು ಭಾಗಿಸಿ. 6/4ಕ್ಕೆ ಹತ್ತರಲ್ಲಿ ನಾಲ್ಕು, ಶೇ. 40. ಈಗ ನಾಲ್ಕೇ ಕುದುರೆಗಳ ಒಂದು ಪಂದ್ಯದಲ್ಲಿ ಈವನ್ಸ್, 2/1, 4/1, 6/1 ಎಂದು ದರಗಳಿವೆ ಎಂದುಕೊಳ್ಳೋಣ: 50, 33.3, 20, 14.3. ಒಟ್ಟು 117.6. ನಾಲ್ಕರಲ್ಲಿ ಒಂದೇ ಗೆಲ್ಲುವುದರಿಂದ ನಿಜವಾದ ಸಾಧ್ಯತೆಗಳ ಮೊತ್ತ 100 ಮೀರುವಂತಿಲ್ಲ. ಮೇಲಿನ ಆ 17.6 ಬುಕ್‌ಮೇಕರನ ಅಂಚು. ದರವೆಂಬುದು ಕುದುರೆಯ ಬಗೆಗಿನ ಅಭಿಪ್ರಾಯವೂ ಹೌದು, ಅದರೊಳಗೆ ಅಂಗಡಿಯವನ ಲಾಭವೂ ಸೇರಿದೆ. ಟೋಟಿನಲ್ಲಿ ಕಮಿಷನ್ ಹೊರಗೆ ಕಾಣುತ್ತದೆ, ಇಲ್ಲಿ ದರದ ಹೊಟ್ಟೆಯೊಳಗೆ ಅಡಗಿರುತ್ತದೆ, ಅಷ್ಟೇ ಭೇದ.

ಈ ಲೆಕ್ಕಕ್ಕೆ ತೆರಿಗೆಯನ್ನು ಸೇರಿಸದಿದ್ದರೆ ಇಂದಿನ ರೇಸ್ ಕೋರ್ಸು ಅರ್ಥವಾಗದು. ಜಿಎಸ್‌ಟಿ ಕ್ಲಬ್ಬಿನ ಕಮಿಷನ್ ಮೇಲೋ, ಕಟ್ಟಿದ ಪೂರ್ತಿ ಹಣದ ಮೇಲೋ ಎಂಬ ವಿವಾದದಲ್ಲಿ ಕರ್ನಾಟಕ ಹೈಕೋರ್ಟು 2021ರ ಜೂನ್‌ನಲ್ಲಿ, ಬೆಂಗಳೂರು ಟರ್ಫ್ ಕ್ಲಬ್ಬಿನ ಅರ್ಜಿಯ ಮೇಲೆ, ಕಮಿಷನ್ ಮೇಲೆ ಮಾತ್ರ ಎಂದು ತೀರ್ಪಿತ್ತಿತು. ಆಮೇಲೆ ಕಾನೂನೇ ತಿದ್ದುಪಡಿಯಾಗಿ 2023ರ ಅಕ್ಟೋಬರ್ 1ರಿಂದ ಪೂರ್ತಿ ಹಣದ ಮೇಲೆ ಶೇ. 28 ಜಾರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಆ ದರ ಶೇ. 40 ಆಯಿತು. ತೆರಿಗೆಯನ್ನು ಪಣದ ಮೇಲೆ ಪ್ರತ್ಯೇಕವಾಗಿ ವಸೂಲು ಮಾಡಿದರೆ ನೂರು ರೂಪಾಯಿಯ ಬಾಜಿಗೆ ಜೇಬಿನಿಂದ ಹೋಗುವುದು 140. ಈವನ್ಸ್ ದರದ ಕುದುರೆ ಗೆದ್ದರೆ 200 ಬರುತ್ತದೆ, ನಿಜವಾದ ಲಾಭ 60. ಆಡ್ಸ್-ಆನ್ 40/100ರ ಕುದುರೆ ಗೆದ್ದರೆ 140 ಬರುತ್ತದೆ, ಲಾಭ ಸೊನ್ನೆ. ಗೆದ್ದೂ ಏನೂ ಸಿಗದ ಬಾಜಿಯನ್ನು ಯಾರೂ ಬರೆಸಲಾರರೆಂದು ಅನ್ನಿಸಬಹುದು. ರಿಂಗಿನ ಗದ್ದಲದಲ್ಲಿ ಬರೆಸುವವರಿದ್ದಾರೆ. ಒಂದೇ ಬಾರಿಗೆ 10,000 ರೂಪಾಯಿ ಮೀರಿದ ಗೆಲುವಿನಿಂದ ಶೇ. 30ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತಾರೆ, ಹಿಂದಿನ ವಾರದ ಸೋಲನ್ನು ಇದರಲ್ಲಿ ಕಳೆಯಲು ಅವಕಾಶವಿಲ್ಲ.

ಕುದುರೆ ಪಂದ್ಯ ಬರಿಯ ಅದೃಷ್ಟದ ಆಟವಲ್ಲ, ಕೌಶಲವೇ ಪ್ರಧಾನವಾದದ್ದು ಎಂದು ಸುಪ್ರೀಂ ಕೋರ್ಟು 1996ರಲ್ಲಿ, ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದ್ದನ್ನು ಗ್ಯಾಲರಿಯಲ್ಲಿ ಆಗಾಗ ಉದ್ಧರಿಸುತ್ತಾರೆ. ಕೌಶಲವೆಂದರೆ ಕುದುರೆಯದು, ಜಾಕಿಯದು, ತರಬೇತುದಾರನದು, ವಿವರಗಳನ್ನು ಅಭ್ಯಾಸ ಮಾಡಿದವನದು. ಚಹಾದಂಗಡಿಯಲ್ಲಿ ಕಿವಿಗೆ ಬಿದ್ದ ‘ಶ್ಯೂರ್ ಶಾಟ್’ಗೆ ಆ ತೀರ್ಪು ಅನ್ವಯಿಸುವುದಿಲ್ಲ. ಹಾಗೆಯೇ, ಪರವಾನಗಿಯುಳ್ಳ ಆವರಣದ ಹೊರಗೆ ಗಲ್ಲಿಯಲ್ಲಿ ಬಾಜಿ ಹಿಡಿಯುವ ಬುಕ್ಕಿಗೂ ಅನ್ವಯಿಸುವುದಿಲ್ಲ, ಅದು ಅಪರಾಧ.

ಗಲ್ಲಾದ ಭಾಷೆಯಿಂದ ಹೊರಬಿದ್ದು ಕನ್ನಡ ಪತ್ರಿಕೆಗಳ ರಾಜಕೀಯ ಪುಟ ಸೇರಿದ ಪದವೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಚುನಾವಣೆ ಬಂತೆಂದರೆ ‘ಕಪ್ಪು ಕುದುರೆ’ ಕಾಣಿಸಿಕೊಳ್ಳುತ್ತದೆ. ರೇಸಿನಲ್ಲಿ ‘ಡಾರ್ಕ್ ಹಾರ್ಸ್’ ಎಂದರೆ ಬಣ್ಣ ಕಪ್ಪಾದದ್ದಲ್ಲ, ಸಾಮರ್ಥ್ಯ ಇನ್ನೂ ಕತ್ತಲಲ್ಲಿರುವ ಕುದುರೆ. ಅದು ಅಚ್ಚ ಬಿಳಿಯದೂ ಆಗಿರಬಹುದು. ‘ಅಜ್ಞಾತ ಕುದುರೆ’ ಎಂದಿದ್ದರೆ ಅರ್ಥ ಉಳಿಯುತ್ತಿತ್ತು. ಈಗ ತಿದ್ದುವ ಕಾಲ ಮೀರಿದೆ. ‘ಔಟ್‌ಸೈಡರ್’ ಎಂಬುದು ಇದಕ್ಕೆ ಸಮಾನಾರ್ಥಕವಲ್ಲ; ಗೆಲ್ಲುವುದಿಲ್ಲವೆಂದು ಜನ ತೀರ್ಮಾನಿಸಿರುವ, ಆದ್ದರಿಂದ ದೊಡ್ಡ ದರ ಕೊಡುವ ಕುದುರೆ ಅದು.

ಓಟ ಮುಗಿದ ಮೇಲೆ

ಕಾಮೆಂಟರಿಯಲ್ಲಿ ಕೆಲವೇ ಮಾತುಗಳು ಮರುಕಳಿಸುತ್ತವೆ. ‘ರೇಲ್ಸ್’ ಎಂದರೆ ಒಳಬೇಲಿಯ ಪಕ್ಕ, ‘ಸ್ಟ್ರೇಟ್’ ಎಂದರೆ ಕೊನೆಯ ತಿರುವು ಮುಗಿದ ಮೇಲಿನ ನೇರ ಓಟ, ‘ಸ್ಟಾರ್ಟ್ ಟು ಫಿನಿಶ್’ ಎಂದರೆ ಆದಿಯಿಂದ ಅಂತ್ಯದವರೆಗೂ ಮುಂದೆಯೇ ಇದ್ದು ಗೆದ್ದದ್ದು. ಗೆಲುವಿನ ಅಂತರವನ್ನು ಅಳೆಯುವುದು ಕುದುರೆಯ ದೇಹದಿಂದಲೇ: ಮೂಗು, ಶಾರ್ಟ್ ಹೆಡ್, ತಲೆ, ಕತ್ತು, ಅರ್ಧ ಲೆಂಗ್ತ್, ಮುಕ್ಕಾಲು, ಒಂದು. ಒಂದು ಲೆಂಗ್ತ್ ಎಂದರೆ ಕುದುರೆಯ ಮೈಯುದ್ದ, ಸುಮಾರು ಎರಡೂವರೆ ಮೀಟರ್. ಕಣ್ಣಿಗೆ ನಿಲುಕದಷ್ಟು ಕಿರಿದಾದಾಗ ಛಾಯಾಚಿತ್ರ ನೋಡುತ್ತಾರೆ. ಅದರಲ್ಲೂ ಬೇರ್ಪಡದಿದ್ದರೆ ‘ಡೆಡ್ ಹೀಟ್’, ಇಬ್ಬರಿಗೂ ಸಮಪಾಲು.

ಗುರಿಗೂಟ ದಾಟಿದ ಕ್ರಮವೇ ಅಂತಿಮ ಫಲಿತಾಂಶವಲ್ಲ. ಒಬ್ಬ ಜಾಕಿ ಇನ್ನೊಬ್ಬನ ದಾರಿಗೆ ಅಡ್ಡ ಬಂದಿದ್ದರೆ ‘ಅಬ್ಜೆಕ್ಷನ್’ ಎತ್ತಬಹುದು, ಸ್ಟೀವರ್ಡುಗಳು ವಿಚಾರಣೆ ಮಾಡಿ ಸ್ಥಾನಗಳನ್ನು ಅದಲುಬದಲು ಮಾಡಬಹುದು. ತಕ್ಕಡಿಯಲ್ಲಿ ತೂಕ ಕಡಿಮೆ ಬಂದರೂ ಗೆಲುವು ಹೋಗುತ್ತದೆ. ‘ಆಲ್ ಕ್ಲಿಯರ್’ ಎಂದು ಘೋಷಣೆಯಾಗುವ ಮುನ್ನ ಟಿಕೆಟನ್ನು ಹರಿದೆಸೆಯಬೇಡಿ. ಹಾಗೆ ಹರಿದು, ಆಮೇಲೆ ಸ್ಟ್ಯಾಂಡಿನ ಮೆಟ್ಟಿಲುಗಳ ಮೇಲೆ ಚೂರುಗಳಿಗಾಗಿ ತಡಕಾಡುವವರನ್ನು ನಾನು ಕಂಡಿದ್ದೇನೆ.

ಇನ್ನು ಮೊದಲಿನ ಸಾಲಿಗೆ ಮರಳಬಹುದು. ಕೆಳಗಿನ ದರ್ಜೆಯ ಹ್ಯಾಂಡಿಕ್ಯಾಪ್, ದೂರ 1400 ಮೀಟರ್. ಗೆದ್ದ ಕುದುರೆ ಎರಡನೆಯದಕ್ಕಿಂತ ಒಂದೂಕಾಲು ಮೈಯುದ್ದ ಮುಂದಿತ್ತು, ಎರಡನೆಯದು ಮೂರನೆಯದನ್ನು ಬರಿಯ ಮೂಗಿನಷ್ಟರಿಂದ ಹಿಂದಿಕ್ಕಿತು, ನಾಲ್ಕನೆಯದು ಮೂರನೆಯದಕ್ಕಿಂತ ಮೂರು ಲೆಂಗ್ತ್ ಹಿಂದಿತ್ತು. ವಿನ್ 32 ಎಂದರೆ ಸರಿಸುಮಾರು 220/100, ಜನ ನಂಬಿದ್ದ ಕುದುರೆಯೇ ಗೆದ್ದಿದೆ. ಪ್ಲೇಸಿನ 14 ಗೆದ್ದದ್ದರದು, 18 ಎರಡನೆಯದರದು. 41ನ್ನು ನೋಡಿದರೆ ಮೂರನೆಯದು ಯಾರೂ ನೆಚ್ಚಿರದ ಔಟ್‌ಸೈಡರ್ ಎಂದು ತಿಳಿಯುತ್ತದೆ. ಟನಾಲಾ 1,904ಕ್ಕೆ ಏರಿದ್ದು ಅದರಿಂದಲೇ. ಫೋಟೋದಲ್ಲಿ ಆ ಮೂಗು ಅತ್ತ ಬಿದ್ದಿದ್ದರೆ ಎಸ್‌ಎಚ್‌ಪಿ, ಕ್ವಿನೆಲ್ಲಾ, ಫೋರ್‌ಕಾಸ್ಟ್, ಟನಾಲಾ ನಾಲ್ಕೂ ಹುಂಡಿಗಳ ಹಣ ಬೇರೆಯವರ ಕೈ ಸೇರುತ್ತಿತ್ತು, ವಿನ್‌ನ 32 ಮಾತ್ರ ಇದ್ದಲ್ಲೇ ಇರುತ್ತಿತ್ತು.